ತೂಗಬೇಕಾದದ್ದು ಮಗುವನ್ನಲ್ಲ, ಶಾಲೆಯನ್ನು



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರಿನ ವೃತ್ತಗಳಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳ ಫ್ಲೆಕ್ಸುಗಳು ಏಳುತ್ತವೆ. ಮಠಗಳ ಶಾಲೆಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಫ್ಲೆಕ್ಸಿನಲ್ಲಿ ಜಾಗ ಸಿಗದ ಮಕ್ಕಳು ಏನು ಕಲಿತರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಆ ಶೇಕಡಾವಾರನ್ನಾದರೂ ನಂಬೋಣವೆ? 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಮಂಕಾಯಿತೆ? ಕಾವಲು ಬಿಗಿಯಾದರೆ ಇಳಿಯುವ, ಕೃಪೆ ತೋರಿದರೆ ಏರುವ ಅಂಕಿ ಕಲಿಕೆಯ ಅಳತೆಗೋಲಾಗಲಾರದು.

ಇದೇ ಜರಡಿಯನ್ನು ಸರ್ಕಾರ 5, 8 ಮತ್ತು 9ನೇ ತರಗತಿಗೂ ತಂದಿತು. 2024ರ ಮಾರ್ಚ್ 11ರಂದು ಪರೀಕ್ಷೆ ಶುರುವಾಯಿತು. ಮರುದಿನವೇ ಸುಪ್ರೀಂ ಕೋರ್ಟ್ ತಡೆಯಿತು. ಹೈಕೋರ್ಟ್ ವಿಭಾಗೀಯ ಪೀಠ ಒಪ್ಪಿದ ಮೇಲೆ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ರಂದು ಫಲಿತಾಂಶಕ್ಕೇ ತಡೆ ಬಿತ್ತು. ಹತ್ತು ವರ್ಷದ ಕೂಸುಗಳು ಕೋರ್ಟಿನಿಂದ ಕೋರ್ಟಿಗೆ ಚೆಂಡಾದವು.

"ಪರೀಕ್ಷೆಯೇ ಬೇಡವೆ?" ಎಂದು ಕೇಳುವವರಿದ್ದಾರೆ. ಬೇಕು ಎಂದೇ ನಾನು ಹೇಳುತ್ತೇನೆ. ಆದರೆ ಅದು ಮಗುವನ್ನು ಸೋಸುವ ಪರೀಕ್ಷೆಯಾಗಬಾರದು, ವ್ಯವಸ್ಥೆಯ ನಾಡಿ ಹಿಡಿಯುವ ಪರೀಕ್ಷೆಯಾಗಬೇಕು. 2024ರ ಡಿಸೆಂಬರ್ 4ರಂದು ದೇಶದಾದ್ಯಂತ ನಡೆದ ಪರಖ್ ಸರ್ವೇಕ್ಷಣ ಇಂಥದ್ದು. ಆಯ್ದ ಶಾಲೆಗಳ 3, 6, 9ನೇ ತರಗತಿಯ ಮಕ್ಕಳು ಅದನ್ನು ಬರೆದರು. ಅಲ್ಲಿ ಯಾವ ಮಗುವೂ ನಪಾಸಾಗುವುದಿಲ್ಲ. ಜಿಲ್ಲೆಯ ಮಕ್ಕಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದಷ್ಟೇ ಹೊರಬೀಳುತ್ತದೆ. ಆ ಜಿಲ್ಲಾ ವರದಿಯನ್ನು ನಮ್ಮಲ್ಲಿ ಎಷ್ಟು ಆಡಳಿತ ಮಂಡಳಿಗಳು ತೆರೆದು ನೋಡಿವೆ?

ಸಂಡೂರಿನಲ್ಲಿ ಅದಿರಿನ ಲಾರಿಯನ್ನು ತೂಗದೆ ಬಿಡುವಂತಿಲ್ಲ. ಸಾಗಿಸುವವರ ಲೆಕ್ಕವನ್ನೇ ನಂಬಿದರೆ ಏನಾಗುತ್ತದೆಂದು 2011ರ ಲೋಕಾಯುಕ್ತ ವರದಿ ಕಂಡ ಬಳ್ಳಾರಿ ಸೀಮೆಗೆ ಬಿಡಿಸಿ ಹೇಳಬೇಕಿಲ್ಲ. ಕಲಿಕೆಗೂ ಅದೇ ನ್ಯಾಯ: ಕಲಿಸಿದವರೇ ತೂಗಬಾರದು.

ನನ್ನ ಬೇಡಿಕೆ ಇಷ್ಟೇ. ಸರ್ಕಾರ ಇಂಥ ಸಮೀಕ್ಷೆಯನ್ನು ನಿಗದಿತ ಅವಧಿಗೆ ತಪ್ಪದೆ ನಡೆಸಲಿ. ಕೆಲವು ಪ್ರಶ್ನೆಗಳನ್ನು ಹಾಗೆಯೇ ಉಳಿಸಿಕೊಂಡರೆ ಹಿಂದಿನದಕ್ಕೂ ಇಂದಿನದಕ್ಕೂ ಹೋಲಿಸಬಹುದು. ವರದಿ ಕನ್ನಡದಲ್ಲಿ ಶಾಲೆಯ ಬಾಗಿಲಿಗೆ ಬರಲಿ. ಫಲಿತಾಂಶ ಕಡಿಮೆ ಬಂದಲ್ಲಿಗೆ ನೋಟಿಸು ಬೇಡ, ಶಿಕ್ಷಕರನ್ನು ಕಳಿಸಲಿ.

ಮಠಗಳು ಸರ್ಕಾರಕ್ಕೆ ಕಾಯಬೇಕಿಲ್ಲ. ಹಂಪಿಯ ಸುತ್ತಲಿನ ಬಾಳೆತೋಟದ ಕೂಲಿಯವರ ಮಗು, ಗುಳೆ ಹೋಗಿ ಬಂದ ತಾಂಡಾದ ಮಗು ಮೂರನೇ ತರಗತಿಯಲ್ಲಿ ನಾಲ್ಕು ಸಾಲು ಓದಬಲ್ಲುದೆ, ಕಳೆಯುವ ಲೆಕ್ಕ ಮಾಡಬಲ್ಲುದೆ? ವರ್ಷಕ್ಕೊಮ್ಮೆ ಬೇರೊಂದು ಶಾಲೆಯ ಶಿಕ್ಷಕರಿಂದ ನೋಡಿಸಿ. ಮಕ್ಕಳ ಹೆಸರು ಬರೆಯಬೇಡಿ. ಬಂದ ಉತ್ತರವನ್ನು ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ತಂದೆತಾಯಿಗಳ ಮುಂದೆ ಓದಿ. ಅಕ್ಷರ ದಾಸೋಹ ಎಂಬ ಮಾತು ನಮಗೆ ಪ್ರಿಯ. ಬಡಿಸಿದ್ದು ಎಲೆಗೆ ಬಿತ್ತೇ ಎಂದು ನೋಡುವುದೂ ದಾಸೋಹವೇ.