ಯಂತ್ರಕ್ಕೂ ವೈದ್ಯರು ಬೇಕು

ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡೇ ಮಾತು: ಡಾಕ್ಟರೋ, ಕಂಪ್ಯೂಟರೋ. ವೈದ್ಯಕೀಯ ಸೀಟು ಕೈತಪ್ಪಿದರೆ ಮನೆಯಲ್ಲಿ ಒಲೆ ಹಚ್ಚುವ ಉತ್ಸಾಹವೂ ಇರುವುದಿಲ್ಲ. ಈ ಎರಡರ ನಡುವೆ ಮೂರನೆಯ ಹಾದಿಯೊಂದಿದೆ, ಅದರ ಹೆಸರು ಬಯೋಮೆಡಿಕಲ್ ಎಂಜಿನಿಯರಿಂಗ್. ಆರೋಗ್ಯದ ಅಂಕಣದಲ್ಲಿ ಕಾಲೇಜು ಓದಿನ ವಿಚಾರವೇಕೆ ಎಂದು ನೀವು ಕೇಳಬಹುದು. ಕಾರಣವಿದೆ.

ಹುಟ್ಟಿದ ಮೂರನೆಯ ದಿನ ಮಗುವಿಗೆ ಕಾಮಾಲೆ, ನಮ್ಮ ಕಡೆ ಹೇಳುವಂತೆ ಕಾಮಣಿ, ಕಾಣಿಸಿಕೊಳ್ಳುತ್ತದೆ ಎನ್ನೋಣ. ವೈದ್ಯರು ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸುತ್ತಾರೆ. ಆ ಬೆಳಕು ಚರ್ಮದಲ್ಲಿರುವ ಹಳದಿ ವಸ್ತುವನ್ನು ದೇಹ ಹೊರಹಾಕಬಲ್ಲ ರೂಪಕ್ಕೆ ಬದಲಿಸುತ್ತದೆ. ಆದರೆ ಈ ಟ್ಯೂಬುಗಳು ಉರಿದಷ್ಟೂ ಸೊರಗುತ್ತವೆ. ಕಣ್ಣಿಗೆ ಅದೇ ನೀಲಿ ಬಣ್ಣ ಕಂಡರೂ ಗುಣಪಡಿಸುವ ಶಕ್ತಿ ಕುಂದಿರುತ್ತದೆ. ಅದನ್ನು ಅಳೆಯಲು ಒಂದು ಪುಟ್ಟ ಮೀಟರು ಬೇಕು, ಮೀಟರು ಹಿಡಿಯಬಲ್ಲವರು ಬೇಕು. ಅವರಿಲ್ಲದಿದ್ದರೆ ಕಾಮಾಲೆ ಇಳಿಯುವುದಿಲ್ಲ. ತಪ್ಪು ದೀಪದ್ದಾದರೂ ದೂರು ರೋಗದ ಮೇಲೆ ಬರುತ್ತದೆ. ಕಮಲಾಪುರದ ಬಾಣಂತಿಯಾದರೆ ಹಸಿಗೂಸನ್ನು ಎತ್ತಿಕೊಂಡು ಸುಮಾರು 35 ಕಿಲೋಮೀಟರು ದೂರದ ಕಲಬುರಗಿಗೆ ಬರಬೇಕು.

ಡಯಾಲಿಸಿಸ್ ವಿಷಯ ಇನ್ನೂ ಸೂಕ್ಷ್ಮವಾದದ್ದು. ನಾಲ್ಕು ಗಂಟೆಗಳ ಒಂದು ಸರದಿಗೆ ಸುಮಾರು 120 ಲೀಟರ್ ನೀರು ರೋಗಿಯ ರಕ್ತದ ಪಕ್ಕದಲ್ಲಿಯೇ ಹರಿದು ಹೋಗುತ್ತದೆ. ನಡುವೆ ಇರುವುದು ತೆಳುವಾದ ಪೊರೆಯೊಂದು ಮಾತ್ರ. ನಾವು ಕುಡಿಯುವ ನೀರಿನ ಶುದ್ಧತೆ ಅಲ್ಲಿ ಏನೇನೂ ಸಾಲದು. ಗಡಸು ಬೋರ್‌ವೆಲ್ ನೀರನ್ನು ಶುದ್ಧಗೊಳಿಸುವ ಘಟಕ ಸರಿಯಾಗಿದೆಯೇ ಎಂದು ಪರೀಕ್ಷಿಸಿ ಬರೆದಿಡುವವರು ಯಾರು? ಮೂತ್ರಪಿಂಡ ತಜ್ಞರಿಗೆ ಆ ಪುರುಸೊತ್ತು ಇರುವುದಿಲ್ಲ. ನರ್ಸಿಗೆ ಆ ತರಬೇತಿ ಇರುವುದಿಲ್ಲ.

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ನಮ್ಮ ಕಲಬುರಗಿಯ ವೃದ್ಧರೊಬ್ಬರದು ಎಂಬುದು ನಿಮಗೆ ನೆನಪಿರಬಹುದು. ಮರುವರ್ಷದ ಎರಡನೆಯ ಅಲೆಯಲ್ಲಿ ಊರೂರಿಗೆ ಆಮ್ಲಜನಕ ಸಾಂದ್ರಕಗಳು ಬಂದವು. ಗಾಳಿಯಲ್ಲಿನ ಸಾರಜನಕವನ್ನು ಜಿಯೋಲೈಟ್ ಎಂಬ ಹರಳು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ, ಯಂತ್ರದ ಗುಟ್ಟು ಇಷ್ಟೇ. ಆದರೆ ನಮ್ಮ ಬಿಸಿಲು, ಧೂಳು, ಏರಿಳಿಯುವ ವೋಲ್ಟೇಜು ಅದಕ್ಕೆ ಒಗ್ಗುವುದಿಲ್ಲ. ಸೋಸುಕ ತೊಳೆಯದಿದ್ದರೆ, ಹರಳಿಗೆ ತೇವ ತಗುಲಿದರೆ, ಯಂತ್ರ ಗುರ್ ಎನ್ನುತ್ತಲೇ ಇರುತ್ತದೆ, ಹೊರಗೆ ಬರುವುದು ಮಾತ್ರ ಬರೀ ಗಾಳಿ.

ಇದು ನಮ್ಮೂರಿನ ಕತೆ ಮಾತ್ರವಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದವರು ದೇಶದ 29 ಸಾವಿರಕ್ಕೂ ಹೆಚ್ಚು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಏಳೂವರೆ ಲಕ್ಷ ಉಪಕರಣಗಳ ಲೆಕ್ಕ ತೆಗೆದಾಗ, ರಾಜ್ಯದಿಂದ ರಾಜ್ಯಕ್ಕೆ ಶೇ. 13ರಿಂದ 34ರಷ್ಟು ಕೆಟ್ಟು ನಿಂತಿದ್ದವು. 2015ರಲ್ಲಿ ಶುರುವಾದ ಉಪಕರಣ ನಿರ್ವಹಣಾ ಕಾರ್ಯಕ್ರಮ ಇದಕ್ಕಾಗಿಯೇ ಬಂದದ್ದು. ಗುತ್ತಿಗೆ ಪದ್ಧತಿ ಒಳ್ಳೆಯದೇ. ಆದರೆ ದೂರವಾಣಿಯಲ್ಲಿ ದೂರು ಬರೆದುಕೊಂಡ ಮೇಲೆ ಸ್ಕ್ರೂಡ್ರೈವರು ಹಿಡಿದು ಯಾರಾದರೂ ಬರಬೇಕಲ್ಲ! ಅವರು ನಮ್ಮ ಜಿಲ್ಲೆಯವರೇ ಏಕಾಗಬಾರದು?

ಈ ಓದು ಬರೀ ರಿಪೇರಿ ವಿದ್ಯೆ ಎಂದು ಮೂಗು ಮುರಿಯಬೇಡಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್ ಹಾಗೂ ಎಂಜಿನಿಯರ್ ಜಿ.ಎಸ್. ಭುವನೇಶ್ವರ್ ಅವರ ತಂಡ ಕೃತಕ ಹೃದಯ ಕವಾಟವನ್ನು ರೂಪಿಸಿತು. ಕವಾಟ ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚಬೇಕು, ವರ್ಷಗಟ್ಟಲೆ ಸವೆಯಬಾರದು, ರಕ್ತ ಹೆಪ್ಪುಗಟ್ಟಿಸಬಾರದು. ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಆಮೇಲೆ ಸಾವಿರಾರು ಭಾರತೀಯರ ಎದೆಯಲ್ಲಿ ಅದು ಬಡಿಯಿತು. ವಲಿಯತ್ತಾನ್ ಅವರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಗಳಾದರು. ಡಾಕ್ಟರರೊಬ್ಬರಿಂದಲೇ ಆಗುವ ಕೆಲಸ ಅದಲ್ಲ, ಎಂಜಿನಿಯರೊಬ್ಬರಿಂದಲೇ ಆಗುವುದೂ ಅಲ್ಲ.

ವಿದ್ಯಾರ್ಥಿಗಳು ಇಲ್ಲಿ ಗಣಿತ, ಎಲೆಕ್ಟ್ರಾನಿಕ್ಸ್ ಜೊತೆಗೆ ಅಂಗರಚನೆ, ಶರೀರಕ್ರಿಯೆಗಳನ್ನೂ ಓದುತ್ತಾರೆ. ಇಸಿಜಿಯಲ್ಲಿ ಸಿಗುವ ಹೃದಯದ ಸಂಕೇತ ಒಂದು ಮಿಲಿವೋಲ್ಟಿನಷ್ಟು ಮಾತ್ರ. ಸುತ್ತಲಿನ ವಿದ್ಯುತ್ ತಂತಿಗಳ ಗದ್ದಲದಿಂದ ಅದನ್ನು ಹೆಕ್ಕಿ ತೆಗೆಯುವುದು ಹೇಗೆಂದು ಕಲಿಯುತ್ತಾರೆ.

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕು. ಆದ್ದರಿಂದ ಗಣಿತವನ್ನೂ ಜೀವಶಾಸ್ತ್ರವನ್ನೂ ಒಟ್ಟಿಗೆ ಓದಿ ವೈದ್ಯಕೀಯ ಸೀಟು ಸಿಗದ ಮಕ್ಕಳಿಗೆ ಇದು ಸಹಜವಾದ ಹಾದಿ. ಮಣಿಪಾಲದಲ್ಲಿ ಇದೇ ಹೆಸರಿನ ವಿಭಾಗವಿದೆ. ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. 371(ಜೆ) ಪ್ರಮಾಣಪತ್ರ ಇದ್ದವರಿಗೆ ನಮ್ಮ ಭಾಗದ ಹೊರಗಿನ ಕಾಲೇಜುಗಳ ಸರ್ಕಾರಿ ಕೋಟಾದಲ್ಲೂ ಶೇ. 8ರಷ್ಟು ಮೀಸಲಾತಿ ಇದೆ, ಮರೆಯಬೇಡಿ. ಮುಂದೆ ಓದುವವರಿಗೆ 2020ರಿಂದ ಗೇಟ್ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪತ್ರಿಕೆಯೂ ಇದೆ.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಆಸ್ಪತ್ರೆಯಲ್ಲಿ ಸಿಗುವ ಮೊದಲ ಸಂಬಳ ಸಾಫ್ಟ್‌ವೇರಿನವರ ಮುಂದೆ ಸಣ್ಣದಾಗಿ ಕಾಣಬಹುದು. ಬೇಗ ಹಣ ಬರಬೇಕೆನ್ನುವವರಿಗೆ ಈ ದಾರಿ ಹಿಡಿಸದು. ಸೇರುವ ಮೊದಲು ಕಾಲೇಜಿನವರನ್ನು ಒಂದು ಪ್ರಶ್ನೆ ಕೇಳಿ: ಮಕ್ಕಳು ಆಸ್ಪತ್ರೆಯಲ್ಲಿ ಎಷ್ಟು ವಾರ ಕೆಲಸ ಕಲಿಯುತ್ತಾರೆ? ಉತ್ತರ ತಡವರಿಸಿದರೆ ಬೇರೆ ಕಾಲೇಜು ನೋಡಿ. ವೆಂಟಿಲೇಟರನ್ನು ಬಿಚ್ಚಿ ನೋಡದೆ ಪುಸ್ತಕದಲ್ಲಿ ಚಿತ್ರ ನೋಡಿ ಪಾಸಾದವರಿಂದ ಯಾರಿಗೂ ಉಪಕಾರವಿಲ್ಲ.

ಕಲಬುರಗಿಯ ಹಿರಿಯರಿಗೂ ನನ್ನದೊಂದು ವಿನಂತಿ. ಇಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ, 1963ರಿಂದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ. ಎರಡನ್ನೂ ನಡೆಸುವುದು ಒಂದೇ ಶಿಕ್ಷಣ ಸಂಸ್ಥೆ. ಜಿಮ್ಸ್, ಇಎಸ್‌ಐ ವೈದ್ಯಕೀಯ ಕಾಲೇಜು, ಜಯದೇವ ಹೃದ್ರೋಗ ಆಸ್ಪತ್ರೆಯ ಶಾಖೆ ಇವೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳನ್ನು ಕೊನೆಯ ವರ್ಷ ಆರು ತಿಂಗಳು ಆಸ್ಪತ್ರೆಗಳಿಗೆ ಕಳುಹಿಸಲು ಹೊಸ ಕಟ್ಟಡವೇನೂ ಬೇಕಿಲ್ಲ. ಅವರಲ್ಲಿ ಇಬ್ಬರು ವಾರಕ್ಕೊಮ್ಮೆ ಕಮಲಾಪುರದ ಬಸ್ಸು ಹತ್ತಿದರೂ ಸಾಕು, ಅಲ್ಲಿಯ ಹೆರಿಗೆ ಕೋಣೆಯ ಯಂತ್ರಗಳಿಗೆ ಒಂದು ಆರೈಕೆಯಾದೀತು.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಒಂದಿದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬಿಪಿ ಯಂತ್ರವನ್ನೋ ಶಿಶುಗಳ ವಾರ್ಮರನ್ನೋ ಒಮ್ಮೆ ನೋಡಿ. ಕೊನೆಯ ತಪಾಸಣೆಯ ದಿನಾಂಕ ಬರೆದ ಚೀಟಿ ಅಂಟಿಸಿದ್ದಾರೆಯೇ? ಇಲ್ಲದಿದ್ದರೆ ವೈದ್ಯಾಧಿಕಾರಿಯನ್ನು, ಇಲ್ಲವೇ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರನ್ನು ವಿನಯದಿಂದಲೇ ಕೇಳಿ.