ಏಳು ಮನೆ, ಆರು ಕಾಯಿ

ಆಟವೆಂದರೆ ಕಾಲಹರಣ, ಪಾಠವೆಂದರೆ ಜ್ಞಾನಾರ್ಜನೆ ಎಂಬ ಭಾವನೆ ಜನರಲ್ಲಿ ಆಳವಾಗಿ ಬೇರೂರಿದೆ. ಪರೀಕ್ಷೆ ಸಮೀಪಿಸಿದಾಗಲಂತೂ ಆಟದ ಹೆಸರೆತ್ತುವುದೇ ಅಪರಾಧವೆನಿಸುತ್ತದೆ. ಆದರೆ ಪಾಠದಲ್ಲಿ ಕಲಿಯದೆ ಉಳಿದುದನ್ನು ಆಟವು ಕಲಿಸುವುದುಂಟು. ಕಾಯಿಗಳನ್ನು ಸರಿಸುತ್ತ, ಹಾರಿಸುತ್ತ ಬಿಡಿಸುವ ಒಂದು ಹಳೆಯ ಒಗಟು ಇದಕ್ಕೆ ತಕ್ಕ ನಿದರ್ಶನ.

ಕಾಯಿ ಹಾರಿಸುವ ಆಟ ಕನ್ನಡಿಗರಿಗೆ ಹೊಸತಲ್ಲ. ಆಡುಹುಲಿಯಾಟದಲ್ಲಿ ಹುಲಿಯು ಆಡನ್ನು ಹಾರಿ ಅದರಾಚೆಯ ಬರಿಯ ಸ್ಥಳದಲ್ಲಿ ನಿಲ್ಲುತ್ತದೆ. 19ನೆಯ ಶತಮಾನದ ಯುರೋಪಿನಲ್ಲಿ ಪ್ರಚಾರಕ್ಕೆ ಬಂದ ಕಪ್ಪೆಗಳ ಒಗಟಿನಲ್ಲಿಯೂ ಇಂತಹುದೇ ಹಾರಿಕೆಯಿದೆ; ಆದರೆ ಇಲ್ಲಿ ಯಾವ ಕಾಯಿಯೂ ಸಾಯುವುದಿಲ್ಲ.

ಇದನ್ನಾಡಲು ಹಣ ವೆಚ್ಚವಾಗುವುದಿಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಿಂದ ತಂದ ಮೂರು ಕಡಲೆಕಾಯಿ, ಅಡಿಗೆಮನೆಯ ಮೂರು ಹುಣಿಸೆಬೀಜ, ಜಗಲಿಯ ಮೇಲೆ ಸೀಮೆಸುಣ್ಣದಿಂದ ಸಾಲಾಗಿ ಬರೆದ ಏಳು ಮನೆ, ಇಷ್ಟೇ ಸಾಕು. ಎಡಗಡೆಯ ಮೂರು ಮನೆಗಳಲ್ಲಿ ಕಡಲೆಕಾಯಿಗಳು, ಬಲಗಡೆಯ ಮೂರರಲ್ಲಿ ಬೀಜಗಳು, ನಡುಮನೆ ಖಾಲಿ. ಕಡಲೆಕಾಯಿ ಬಲಕ್ಕೂ ಬೀಜ ಎಡಕ್ಕೂ ಮಾತ್ರ ಚಲಿಸಬೇಕು. ಮುಂದಿನ ಮನೆ ಖಾಲಿಯಿದ್ದರೆ ಸರಿಯಬಹುದು. ಎದುರು ಪಕ್ಷದ ಒಂದು ಕಾಯಿಯನ್ನು ಹಾರಿ ಅದರಾಚೆಯ ಖಾಲಿ ಮನೆಗೆ ಹೋಗಬಹುದು. ಹಿಂದೆ ಬರುವಂತಿಲ್ಲ. ಕೊನೆಗೆ ಎರಡು ಪಕ್ಷಗಳೂ ಸ್ಥಳವನ್ನು ಅದಲುಬದಲು ಮಾಡಿಕೊಳ್ಳಬೇಕು.

ಮೊದಲ ಬಾರಿ ಆಡುವವರು ಬಹುಮಟ್ಟಿಗೆ ಸಿಕ್ಕಿಬೀಳುತ್ತಾರೆ. ಒಂದು ಕಡಲೆಕಾಯಿಯನ್ನು ಸರಿಸಿ, ಅದರ ಹಿಂದೆಯೇ ಉಳಿದೆರಡನ್ನೂ ಸರಿಸಿದರೆ ಮೂರನೆಯ ನಡೆಗೇ ಆಟ ನಿಂತುಹೋಗುತ್ತದೆ. ಆಗ ಮಾಡಬೇಕಾದುದು ಕಾಯಿಗಳನ್ನು ಕಲಸಿಹಾಕುವುದಲ್ಲ. ದಾರಿ ತಪ್ಪಿದ ನಡೆ ಯಾವುದೆಂದು ಹಿಂದಿರುಗಿ ಹುಡುಕುವುದು. ಹಾಗೆ ಹುಡುಕಿದವರಿಗೆ ಒಂದು ವಿಷಯ ಹೊಳೆಯುತ್ತದೆ: ತನ್ನವರನ್ನೇ ಒತ್ತಾಗಿ ನಿಲ್ಲಿಸಿಕೊಂಡರೆ ದಾರಿ ಮುಚ್ಚುತ್ತದೆ, ಎದುರು ಪಕ್ಷದ ಕಾಯಿಗೆ ನಡುವೆ ಎಡೆಕೊಟ್ಟರೆ ಇಬ್ಬರಿಗೂ ದಾರಿ ತೆರೆಯುತ್ತದೆ. ಒಂದು ಪಕ್ಷ ಒಂದು ನಡೆ, ಇನ್ನೊಂದು ಎರಡು, ಮತ್ತೆ ಮೊದಲನೆಯದು ಮೂರು. ಹೀಗೆ ಸರದಿಯಂತೆ ಒಂದು, ಎರಡು, ಮೂರು, ಮೂರು, ಮೂರು, ಎರಡು, ಒಂದು ನಡೆಗಳಲ್ಲಿ ಒಗಟು ಬಿಡುತ್ತದೆ. ಒಟ್ಟು 15 ನಡೆಗಳು.

ಈ ಕ್ರಮವನ್ನು ಬಾಯಿಪಾಠ ಮಾಡುವುದು ಸುಲಭ. ಹದಿನೈದೇ ಏಕೆ ಎಂದು ಕೇಳುವವರು ವಿರಳ. ಪ್ರತಿಯೊಂದು ಕಾಯಿಯೂ ನಾಲ್ಕು ಮನೆ ಮುಂದೆ ಹೋಗಬೇಕು. ಆರು ಕಾಯಿಗಳಿಗೆ 24 ಮನೆಗಳ ಪ್ರಯಾಣ. ಮೂರು ಕಡಲೆಕಾಯಿಗಳು ಮೂರು ಬೀಜಗಳನ್ನು ದಾಟಬೇಕಾದುದರಿಂದ 9 ಹಾರಿಕೆಗಳು ಅನಿವಾರ್ಯ. ಒಂದು ಹಾರಿಕೆಗೆ ಎರಡು ಮನೆಯಂತೆ 18 ಮನೆಗಳು ಕಳೆದವು. ಉಳಿದ 6 ಮನೆಗಳನ್ನು ಸರಿದೇ ಕ್ರಮಿಸಬೇಕು. ಒಂಬತ್ತೂ ಆರೂ ಸೇರಿ ಹದಿನೈದು.

ಪಕ್ಷಕ್ಕೆ ನಾಲ್ಕು ಕಾಯಿಗಳನ್ನಿಟ್ಟರೆ ನಡೆಗಳೆಷ್ಟು? ಕ್ರಮವನ್ನು ಉರುಹೊಡೆದವನು ಇಲ್ಲಿ ಕೈಚೆಲ್ಲುತ್ತಾನೆ. ಕಾರಣವನ್ನು ತಿಳಿದವನು ಕಾಯಿ ಮುಟ್ಟದೆಯೇ 24 ಎನ್ನುತ್ತಾನೆ. ಮಗ್ಗಿಯನ್ನೂ ಪದ್ಯಗಳನ್ನೂ ಕಂಠಸ್ಥ ಮಾಡುವುದು ಒಳ್ಳೆಯದೇ. ಆದರೆ ಕಾರಣವಿರುವ ಕಡೆ ಕಾರಣವನ್ನು ಬಿಟ್ಟು ಉತ್ತರವನ್ನಷ್ಟೇ ಕಂಠಸ್ಥ ಮಾಡಿದರೆ, ಪ್ರಶ್ನೆ ತುಸು ಬದಲಾದೊಡನೆ ಆ ವಿದ್ಯೆ ಕೈಕೊಡುತ್ತದೆ. ಬೆರಳ ತುದಿಯಲ್ಲೇ ಉತ್ತರ ದೊರೆಯುವ ಈ ಕಾಲದಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸಿ, ಮುಂದೆ ಪ್ರಾಂಶುಪಾಲರೂ ಆದ ಡಾ. ಎಚ್. ನರಸಿಂಹಯ್ಯನವರು (1920–2005) ಜೀವನವಿಡೀ ಸಾರಿದ್ದು ಪ್ರಶ್ನಿಸುವ ಮನೋಭಾವವನ್ನೇ. 1962ರಲ್ಲಿ ಅವರು ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ ಉಪನ್ಯಾಸಗಳ ಮೂಲಕ ವಿಜ್ಞಾನವನ್ನು ಜನಸಾಮಾನ್ಯರ ಬಳಿಗೆ ತಂದಿತು. ಆ ಮನೋಭಾವ ದೊಡ್ಡ ಸಭಾಂಗಣದಲ್ಲಿಯೇ ಹುಟ್ಟಬೇಕೆಂದೇನೂ ಇಲ್ಲ. ಜಗಲಿಯ ಮೇಲಿನ ಏಳು ಮನೆಗಳ ಮುಂದೆ ಕುಳಿತು, ಸಿಕ್ಕಿಬಿದ್ದಾಗ ಬೇಸರಪಡದೆ, ಗೆದ್ದಾಗಲೂ "ಏಕೆ?" ಎಂದು ಕೇಳುವ ವಿದ್ಯಾರ್ಥಿಯಲ್ಲಿಯೂ ಅದು ಮೊಳೆಯುತ್ತದೆ. ಅಂತಹ ಆಟಕ್ಕೆ ಪರೀಕ್ಷೆಯ ದಿನಗಳಲ್ಲಿಯೂ ಅರ್ಧ ಗಂಟೆಯ ಬಿಡುವು ದೊರೆಯುವುದು ನ್ಯಾಯ.