ಭಕ್ತಿಗೆ ಪರೀಕ್ಷೆ ಬೇಡ. ವಿಷ ಇಳಿಸುವ ಮಾತಿಗೆ ಬೇಕು

ಕಾರವಾರ, ಅಂಕೋಲಾ ತಾಲ್ಲೂಕುಗಳ ಬಂಧುಗಳೇ,

ಮಳೆ ಹಿಡಿಯಿತೆಂದರೆ ಹಾವು ಕಡಿತದ ಭಯವೂ ಶುರು. ನಾಟಿಗೆ ಇಳಿದವರಿಗೆ, ಕಟ್ಟಿಗೆ ರಾಶಿಗೆ ಕೈ ಹಾಕಿದವರಿಗೆ, ನೆಲದ ಮೇಲೆ ಚಾಪೆ ಹಾಸಿ ಮಲಗಿದವರಿಗೆ ಅಪಾಯ ಹೆಚ್ಚು. ಕದ್ರಾ, ಮಲ್ಲಾಪುರ ಇರಲಿ, ಹಿಲ್ಲೂರು, ಡೋಂಗ್ರಿ ಇರಲಿ, ಹಾವು ಕಚ್ಚಿದ ಮನೆಯಲ್ಲಿ ಇಂದಿಗೂ ಏಳುವ ಮಾತು ಒಂದೇ: ಮೊದಲು ಮಂತ್ರ ಹಾಕಿಸೋಣವೋ, ಆಸ್ಪತ್ರೆಗೆ ಒಯ್ಯೋಣವೋ?

ನಾಗರಪಂಚಮಿಗೆ ಹಾಲೆರೆಯಿರಿ, ಹರಕೆ ಹೊರಿ, ದೇವರ ಮುಂದೆ ಹೂ ಪ್ರಸಾದ ಕೇಳಿ. ಅದರಿಂದ ಸಿಗುವ ಧೈರ್ಯವನ್ನು ಯಾವ ಪ್ರಯೋಗಾಲಯವೂ ಅಳೆಯಬೇಕಿಲ್ಲ. ಆದರೆ ‘ಮಂತ್ರದಿಂದ ವಿಷ ಇಳಿಯುತ್ತದೆ’ ಎಂದಾಗ ಮಾತು ದೇವರನ್ನು ಬಿಟ್ಟು ರಕ್ತಕ್ಕೆ ಬಂತು. ರಕ್ತವನ್ನು ಪರೀಕ್ಷಿಸಬಹುದು. ಕೊಳಕುಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ವೈದ್ಯರು ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಇದನ್ನು ಕಂಡುಕೊಳ್ಳುತ್ತಾರೆ.

‘ಮಂತ್ರದಿಂದ ಬದುಕಿದವರನ್ನು ಕಣ್ಣಾರೆ ಕಂಡಿದ್ದೇವೆ’ ಎನ್ನುವವರಿದ್ದಾರೆ. ಕಂಡದ್ದು ಸುಳ್ಳಲ್ಲ. ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಹೇಗಿದ್ದರೂ ಬದುಕುತ್ತಿದ್ದರು. ಬದುಕಿದವರೆಲ್ಲ ಮಂತ್ರದ ಖಾತೆಗೆ, ಸತ್ತವರೆಲ್ಲ ಹಣೆಬರಹದ ಖಾತೆಗೆ ಎಂದರೆ ಮಂತ್ರ ಸೋಲುವುದಾದರೂ ಯಾವಾಗ?

ಆಸ್ಪತ್ರೆಯ ಮದ್ದಿಗೆ ಈ ರಿಯಾಯಿತಿ ಇಲ್ಲ. ನಮ್ಮ ದೇಶದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಘಟ್ಟದ ಗೂನುಮೂತಿಯ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಇದನ್ನು ಹೇಳಿದವರು ಮಂತ್ರವಾದಿಗಳಲ್ಲ, ಪರೀಕ್ಷೆ ಮಾಡಿದ ವಿಜ್ಞಾನಿಗಳೇ. ತನ್ನ ಸೋಲನ್ನು ತಾನೇ ಹೇಳುವ ಮದ್ದನ್ನು ನಂಬಬಹುದು.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದಾಗ ಹಾಕಿಕೊಂಡ ಗೆರೆಯೂ ಇದೇ: ಪವಾಡಗಳನ್ನೂ ಪರೀಕ್ಷಿಸಲು ಬರುವ ಮೂಢನಂಬಿಕೆಗಳನ್ನೂ ಮಾತ್ರ ಪರೀಕ್ಷಿಸುವುದು. ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯೂ ಆ ಗೆರೆಯನ್ನೇ ಎಳೆದಿದೆ. ಪೂಜೆ, ಯಾತ್ರೆ, ಭಜನೆ, ಹರಿಕಥೆಗಳನ್ನು ಅದು ಮುಟ್ಟಿಲ್ಲ. ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ-ತಂತ್ರ ಮಾಡುವುದನ್ನು ಅಪರಾಧವೆಂದಿದೆ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂಬುದು ಸಂಶೋಧಕರ ಅಂದಾಜು. ಹೆಚ್ಚಿನವರು ಹಳ್ಳಿಗರು, ಹೆಚ್ಚಿನವರು ಆಸ್ಪತ್ರೆ ಕಾಣದೆ ಹೋದವರು.

ಆದ್ದರಿಂದ, ಹಾವು ಕಚ್ಚಿದರೆ:

• ತಕ್ಷಣ 108ಕ್ಕೆ ಕರೆ ಮಾಡಿ. ಅಂಕೋಲಾ ತಾಲ್ಲೂಕು ಆಸ್ಪತ್ರೆಯೋ ಕಾರವಾರದ ಕ್ರಿಮ್ಸ್ ಆಸ್ಪತ್ರೆಯೋ, ಹತ್ತಿರದ್ದಕ್ಕೆ ಒಯ್ಯಿರಿ.
• ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ.
• ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಕಚ್ಚಿಸಿಕೊಂಡವರನ್ನು ನಡೆಸಬೇಡಿ.
• ಹಾವು ಹಿಡಿಯಲು ಹೋಗಿ ಹೊತ್ತು ಕಳೆಯಬೇಡಿ.
• ಕಟ್ಟುಹಾವಿನ ಕಡಿತ ರಾತ್ರಿ ನಿದ್ದೆಯಲ್ಲಿ ಗೊತ್ತೇ ಆಗದಿರಬಹುದು. ನೆಲದಲ್ಲಿ ಮಲಗಿದವರಿಗೆ ನಸುಕಿನಲ್ಲಿ ಹೊಟ್ಟೆನೋವು ಬಂದು ರೆಪ್ಪೆ ಜೋತರೆ ಗಾಯ ಹುಡುಕುತ್ತ ಕೂರಬೇಡಿ, ಹೊರಡಿ.

ಮಂತ್ರ ಬಲ್ಲ ಹಿರಿಯರಲ್ಲಿ ಒಂದು ಕೋರಿಕೆ. ನಿಮ್ಮ ಮಾತಿಗೆ ಊರು ತಲೆಬಾಗುತ್ತದೆ. ಯಾರಾದರೂ ನಿಮ್ಮ ಅಂಗಳಕ್ಕೆ ಬಂದರೆ ‘ಮೊದಲು ಆಸ್ಪತ್ರೆ’ ಎನ್ನಿ. ಪ್ರಾರ್ಥನೆ ಮಾಡಲೇಬೇಕೆಂದರೆ ಅವರ ಜೊತೆ ಗಾಡಿ ಹತ್ತಿ, ದಾರಿಯಲ್ಲಿ ಮಾಡಿ.

ಓದಿದ ಮೇಲೆ ನೆರೆಮನೆಗೆ ಕೊಡಿ.